ಗೋದಾಮಿನಲ್ಲಿ ತುಂಬಿದ್ದು ನನ್ನ ಉತ್ಸಾಹ

ಉಡುಪಿ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ. ಖರೀದಿ ನನ್ನದು, ಲೆಕ್ಕ ಅಕ್ಕನದು. ನಾನು ಸ್ವಭಾವದಲ್ಲೇ ಹುರುಪಿನವನು. ಅಕ್ಕ ಎಲ್ಲದಕ್ಕೂ ಹೆದರುವವಳು.

ಊರಿನ ಬೀಜ ಸಿಗುವುದು ಫೆಬ್ರವರಿಯಿಂದ ಮೇ ತನಕ. ಮಳೆಗಾಲದಲ್ಲಿ ಕೆಲಸ ನಡೆಯಬೇಕಾದರೆ ಆಗಲೇ ತುಂಬಿಸಿಡಬೇಕು. ಇಲ್ಲದಿದ್ದರೆ ಆಫ್ರಿಕಾದ ಮಾಲು ಮಂಗಳೂರಿನ ಪಣಂಬೂರು ಬಂದರಿಗೆ ಬರುವ ದಾರಿ ಕಾಯಬೇಕು. ಎರಡರಲ್ಲೂ ತಿಂಗಳುಗಳಾಚೆಯ ರೇಟನ್ನು ಇವತ್ತೇ ಊಹಿಸಬೇಕು. ನಮ್ಮ ಸ್ವಭಾವ ನುಗ್ಗುವುದು ಅಲ್ಲೇ.

2018ರಲ್ಲಿ ನನಗೆ ಹಿಂದಿನ ವರ್ಷದ ಲಾಭದ ಅಮಲು. ದುಬಾರಿ ರೇಟಿಗೇ ಎರಡು ಕಂಟೇನರ್ ಜಾಸ್ತಿ ಬುಕ್ ಮಾಡಿದೆ. ಮಾಲು ಬರುವಷ್ಟರಲ್ಲಿ ರೇಟು ಇಳಿದಿತ್ತು. ಅದಾದರೂ ಇರಲಿ. ಒಂದಷ್ಟು ಬೀಜ ಕತ್ತರಿಸಿ ತಿರುಳು ಎಷ್ಟಿದೆ ಅಂತ ನೋಡುವ ಕಟಿಂಗ್ ಟೆಸ್ಟಿನ ಚೀಟಿ ಹಿಡಿದು ಮೇಸ್ತ್ರಿ ಬಂದಾಗ, "ಆಯ್ತು ಮಾರಾಯ, ನೋಡುವ" ಅಂತ ಬದಿಗಿಟ್ಟಿದ್ದೆ. 80 ಕಿಲೋ ಮೂಟೆಗೆ 48 ಪೌಂಡ್ ತಿರುಳು ಎಣಿಸಿದ್ದೆ, ಬಂದದ್ದು 45. ಮೂಟೆಗೆ ಒಂದೂಕಾಲು ಕಿಲೋಗಿಂತ ಜಾಸ್ತಿ ಹೋಯಿತು. ನಾನು ಖುಷಿಯಲ್ಲಿದ್ದಾಗ ಕೆಟ್ಟ ಸುದ್ದಿ ಹೇಳಿ ಪ್ರಯೋಜನ ಇಲ್ಲ ಅಂತ ಮೇಸ್ತ್ರಿಗೆ ಆಗಲೇ ಗೊತ್ತಿತ್ತಂತೆ!

ಮರುವರ್ಷ ಅಕ್ಕನ ಹೆದರಿಕೆಯ ಆಳ್ವಿಕೆ. ವಾರಕ್ಕೆ ಬೇಕಾದಷ್ಟೇ ಕೊಂಡೆವು. ಆಗಸ್ಟಿನಲ್ಲಿ ಬೀಜವಿಲ್ಲದೆ ಹೆಂಗಸರನ್ನು ಮನೆಗೆ ಕಳಿಸಿದೆವು. ಕೆಲವರು ಬೇರೆ ಕಾರ್ಖಾನೆ ಸೇರಿದರು, ವಾಪಸ್ ಬರಲಿಲ್ಲ. ಪಳಗಿದ ಕೈ ಹೋದರೆ ತಿರುಳು ತುಂಡಾಗುತ್ತದೆ, ತುಂಡಿಗೆ ರೇಟು ಕಡಿಮೆ. ಈ ನಷ್ಟ ಅಕ್ಕನ ಪುಸ್ತಕದಲ್ಲಿ ಯಾವ ಸಾಲಿನಲ್ಲೂ ಬರಲಿಲ್ಲ. ಅದಕ್ಕೇ ಅವಳಿಗೆ ಒಪ್ಪಿಸಲು ನನಗೆ ಸಾಕಾಯಿತು.

ಕಂಪನಿ ಅದನ್ನು ನಡೆಸುವವರ ಪ್ರತಿಬಿಂಬ ಅಂತ ಅಮೆರಿಕದ ಮ್ಯಾನೇಜ್‌ಮೆಂಟ್ ವಿದ್ವಾಂಸರಾದ ಹ್ಯಾಂಬ್ರಿಕ್ ಮತ್ತು ಮೇಸನ್ 1984ರಲ್ಲೇ ಬರೆದಿದ್ದಾರೆ. ನಮ್ಮಂಥ ಸಣ್ಣ ಕಡೆ ಇದು ಇನ್ನೂ ನಿಜ. ಧನಿಯ ಕೈ ಹಿಡಿಯಲು ಬೋರ್ಡು ಗೀರ್ಡು ಇರುವುದಿಲ್ಲ, ಅಲ್ವಾ?

ಆಮೇಲೆ ಖರೀದಿ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಹಾಕಿದೆವು: ಈಗ ಮನಸ್ಸು ಹೇಗಿದೆ? ಮೊದಮೊದಲು ನಾಚಿಕೆಯಾಯಿತು. ವರ್ಷ ಕಳೆದು ತಿರುವಿ ನೋಡಿದರೆ ನನ್ನ ದೊಡ್ಡ ಖರೀದಿಗಳ ಎದುರು ಹೆಚ್ಚಾಗಿ "ರೇಟು ಏರುವ ಹಾಗಿದೆ" ಅಂತಿತ್ತು. ತಾರೀಕು ತಾಳೆ ಹಾಕಿದೆ. ಅದೇ ವಾರ ಯಾವುದಾದರೂ ದೊಡ್ಡ ಪೇಮೆಂಟ್ ಬಂದಿರುತ್ತಿತ್ತು. ನಾನು ಓದುತ್ತಿದ್ದದ್ದು ಮಾರ್ಕೆಟನ್ನಲ್ಲ, ಬ್ಯಾಂಕ್ ಪಾಸ್‌ಬುಕ್ಕನ್ನು.

ಈಗ ಹಂಗಾಮಿಗೆ ಬೇಕಾದ ಅರ್ಧ ಮಾಲನ್ನು ಇಬ್ಬರ ಮಾತೂ ಕೇಳದೆ ವಾರವಾರ ಸಮನಾಗಿ ಕೊಳ್ಳುತ್ತೇವೆ. ಜಗಳ ಏನಿದ್ದರೂ ಉಳಿದರ್ಧಕ್ಕೆ. ಟೆಸ್ಟಿನಲ್ಲಿ 47 ಪೌಂಡಿಗಿಂತ ಕಡಿಮೆ ಬಂದರೆ ಲಾರಿ ತಿರುಗಿಸುವ ಹಕ್ಕು ಮೇಸ್ತ್ರಿಗೆ, ನನ್ನನ್ನು ಕೇಳಬೇಕಾಗಿಲ್ಲ.

ಈ ಏಪ್ರಿಲಿನಲ್ಲಿ ಅಕ್ಕನೇ ಬಂದು, ಇನ್ನೂ 50 ಮೂಟೆ ತೆಗೆದುಕೊಳ್ಳುವ ಅಂದಳು. ಮನಸ್ಸಿನ ಕಾಲಂ ಖಾಲಿ ಬಿಟ್ಟಿದ್ದಳು. ಅದು ತುಂಬದೆ ಸಹಿ ಹಾಕುವುದಿಲ್ಲ ಅಂದೆ.