ಖಾಲಿ ಪ್ಯಾಕೆಟ್ ಎಸೆಯಬೇಡಿ

ಮನೆಯವರನ್ನು ಕುಡಿತ ಬಿಡಿಸುವ ಕೇಂದ್ರಕ್ಕೆ ಕರೆದುಕೊಂಡು ಹೋಗುವಾಗ ಹಿಂದಿನ ಮೂರು ದಿನದ ಖಾಲಿ ಪ್ಯಾಕೆಟ್, ಬಾಟಲಿ ಎಲ್ಲ ಒಂದು ಕವರಿಗೆ ಹಾಕಿಕೊಳ್ಳಿ, ಕೊನೇ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತಾ, ಯಾವ ಮಾತ್ರೆ ನುಂಗುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೇಳಿದರೆ "ದಿನಕ್ಕೆ ಒಂದೇ ಕ್ವಾರ್ಟರ್" ಅಂತಾರೆ, ಕವರಿನಲ್ಲಿ ಮೂರು ದಿನದ 90 ಎಂಎಲ್ ಪ್ಯಾಕೆಟ್ 12 ಇದ್ದರೆ ಅದು ದಿನಕ್ಕೆ ಎರಡು ಕ್ವಾರ್ಟರ್ (ಕ್ವಾರ್ಟರ್ ಅಂದರೆ 180 ಎಂಎಲ್) ಆಯ್ತು, ಅಲ್ವಾ? ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಗುತ್ತದೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಕೂಡ ಬರಬಹುದು. ಲೆಕ್ಕ ಸರಿ ಇದ್ದರೆ ಡಾಕ್ಟರಿಗೆ ಔಷಧಿ ಕೊಡುವುದು ಸುಲಭ. ಬಾರಿನಲ್ಲೇ ಕುಡಿದು ಬರುವವರಿಗೆ ಇದು ನಡೆಯುವುದಿಲ್ಲ, ಜೊತೆಗಾರರನ್ನೇ ಕೇಳಬೇಕು. ಆಗಲೇ ಫಿಟ್ಸ್ ಬಂದಿದ್ದರೆ, ಇಲ್ಲದ್ದು ಕಂಡಂತೆ ಮಾತಾಡುತ್ತಿದ್ದರೆ ಕವರು ಚೀಟಿ ಎಲ್ಲ ಬಿಡಿ, ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ ನೇರ ಹೋಗಿ. ಸಂಸ್ಥೆಯವರು ನಡೆಸುವ ಕೇಂದ್ರವಾದರೆ ರಾತ್ರಿ ಡಾಕ್ಟರ್ ಇರುತ್ತಾರಾ ಅಂತ ಮೊದಲೇ ಕೇಳಿ. ಎಲ್ಲಿಗೆ ಹೋಗಬೇಕೆಂದೇ ಗೊತ್ತಿಲ್ಲದಿದ್ದರೆ ಕುಡಿತ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ. ಇನ್ನೊಂದು, ಕವರನ್ನು ಅವರ ಎದುರೇ ಸುರಿಯಬೇಡಿ, ಪಾಪ, ಕುಗ್ಗಿಹೋಗುತ್ತಾರೆ. ಸುಮ್ನೆ ಕೌನ್ಸೆಲರ್ ಕೈಗೆ ಕೊಡಿ.