ಬಾಯಲ್ಲಿ ಬರುವ ಮುಕ್ಕಾಲು, ನೋಟ್‌ಬುಕ್ಕಿನಲ್ಲಿ ಬಾರದ ಮುಕ್ಕಾಲು: ಎಂಟನೇ ತರಗತಿಯ ಗಣಿತದಲ್ಲಿ ನನ್ನ ಅನುಭವ

ಟೊಮ್ಯಾಟೊ ಕೆಜಿಗೆ 36 ರೂಪಾಯಿ, ಮುಕ್ಕಾಲು ಕೆಜಿಗೆ ಎಷ್ಟು? ಸಂತೆಗೆ ಹೋಗಿ ಬರುವ ಹುಡುಗ ತಲೆ ಎತ್ತದೆ 27 ಎನ್ನುತ್ತಾನೆ. ಅದೇ ಹುಡುಗನಿಗೆ ಮರುದಿನ ¾ × 36 ಬರೆದು ಕೊಟ್ಟರೆ ನೋಟ್‌ಬುಕ್ಕಿನಲ್ಲಿ 108/144 ಎಂದಿರುತ್ತದೆ. ಮೇಲೆಯೂ 36ರಿಂದ ಗುಣಿಸಿದ್ದಾನೆ, ಕೆಳಗೆಯೂ ಗುಣಿಸಿದ್ದಾನೆ. ಸಮಾನ ಭಿನ್ನರಾಶಿಯ ಪಾಠದಲ್ಲಿ ಕಲಿತ ನಿಯಮವನ್ನು ತಪ್ಪು ಜಾಗಕ್ಕೆ ತಂದು ಹಾಕಿದ್ದಾನೆ. 108/144 ಅನ್ನು ಸಂಕ್ಷೇಪಿಸಿದರೆ ಮತ್ತೆ ¾ ಬರುತ್ತದೆ. ಅಂದರೆ ಮುಕ್ಕಾಲು ಕೆಜಿ ಟೊಮ್ಯಾಟೊಗೆ ಮುಕ್ಕಾಲು ರೂಪಾಯಿ! ಸಂತೆಯಲ್ಲಿ ಯಾರಾದರೂ ಇಂಥ ಬೆಲೆ ಹೇಳಿದ್ದರೆ ಅವನೇ ನಗುತ್ತಿದ್ದ. ನೋಟ್‌ಬುಕ್ಕಿನಲ್ಲಿ ನಗು ಬರುವುದಿಲ್ಲ, ಯಾಕೆಂದರೆ ಅಲ್ಲಿನ 36 ಅವನ ಪಾಲಿಗೆ ರೂಪಾಯಿ ಅಲ್ಲ.

ಇದು ನಮ್ಮ ಮಕ್ಕಳದಷ್ಟೇ ಕಥೆಯಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ ಹೇಳಿದವರು, ಅವೇ ಲೆಕ್ಕಗಳನ್ನು ಬರಿಯ ಅಂಕಿಗಳಲ್ಲಿ ಕೊಟ್ಟಾಗ ನೂರಕ್ಕೆ 37ರ ಹತ್ತಿರ ಇಳಿದಿದ್ದರು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಕೋಲ್ಕತ್ತ ಮತ್ತು ದೆಹಲಿಯ ಅಧ್ಯಯನ ಬಹಳ ಹೆಚ್ಚು ಮಕ್ಕಳನ್ನು ನೋಡಿ ಅದನ್ನೇ ಹೇಳಿತು, ಜೊತೆಗೆ ಇನ್ನೊಂದು ಮಗ್ಗುಲನ್ನೂ ತೋರಿಸಿತು: ಶಾಲೆಯ ಲೆಕ್ಕ ಬರುವ ಮಕ್ಕಳು ಸಂತೆಯ ಲೆಕ್ಕದಲ್ಲಿ ತಡವರಿಸುತ್ತಾರೆ. ಮನೆ, ಸಂತೆ, ಹೊಲದ ಲೆಕ್ಕ ತಾನಾಗಿ ಶಾಲೆಯ ಹೊಸಿಲು ದಾಟುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ನಾನು ಪಾಠ ಯೋಜಿಸುತ್ತೇನೆ. ‘ಮಕ್ಕಳಿಗೆ ಆಸಕ್ತಿ ಇಲ್ಲ’ ಎಂಬ ಮಾತು ನಮ್ಮ ಸ್ಟಾಫ್ ರೂಮುಗಳಲ್ಲಿ ಬೇಕಾದಷ್ಟು ಕೇಳುತ್ತದೆ. ಬಹಳಷ್ಟು ಸಲ ಆಸಕ್ತಿ ಇರುತ್ತದೆ, ದಾಟುವ ದಾರಿ ಇರುವುದಿಲ್ಲ.

ಹಿಂದಿನ ತರಗತಿಯ ಕಲಿಕೆಯನ್ನು ನೋಡಿ ಸರಿಪಡಿಸುವ ಜೂನ್‌ನ ಸೇತುಬಂಧದಲ್ಲಿ ಇಲಾಖೆಯ ಪೂರ್ವ ಪರೀಕ್ಷೆಯ ಜೊತೆಗೆ ನನ್ನದೊಂದು ಪರೀಕ್ಷೆ ಇರುತ್ತದೆ. ಎಂಟು ಲೆಕ್ಕ, ಮೂರು ರೂಪ. ಮೊದಲ ದಿನ ಬರಿಯ ಅಂಕಿಗಳು. ಎರಡು ದಿನ ಬಿಟ್ಟು ಅವೇ ಸಂಖ್ಯೆಗಳ ವಾಕ್ಯರೂಪದ ಲೆಕ್ಕ. ಮತ್ತೆರಡು ದಿನ ಬಿಟ್ಟು, ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಬಾಯಿಲೆಕ್ಕ. ಕೈಯಲ್ಲಿ ಪೆನ್ನು ಇರಬಾರದು. ಒಬ್ಬರಿಗೆ ಮೂರು ನಿಮಿಷ ಹಿಡಿದರೆ 35 ಮಕ್ಕಳಿಗೆ 40 ನಿಮಿಷದ ಮೂರು ಪೀರಿಯಡ್ ಸಾಕು. ಉತ್ತರ ಸರಿಯೋ ತಪ್ಪೋ ಎನ್ನುವುದಕ್ಕಿಂತ, ‘ಹೇಗೆ ಮಾಡಿದೆ?’ ಎಂದಾಗ ಬರುವ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳುವುದು ಮುಖ್ಯ. ಬಾಯಿಲೆಕ್ಕವನ್ನು ಮೊದಲು ಇಟ್ಟರೆ ಮಕ್ಕಳು ಉತ್ತರ ನೆನಪಿಟ್ಟುಕೊಂಡು ಕಾಗದದಲ್ಲಿ ಬರೆದುಬಿಡುತ್ತಾರೆ, ಹಾಗಾಗಿ ಈ ಕ್ರಮ ತಪ್ಪಿಸುವ ಹಾಗಿಲ್ಲ.

ಫಲಿತಾಂಶ ನೋಡಿದರೆ, ಎರಡೂ ಬರುವವರನ್ನು ಬಿಟ್ಟು ಉಳಿದ ತರಗತಿ ಮೂರು ಗುಂಪಾಗಿ ಒಡೆಯುತ್ತದೆ: ಬಾಯಲ್ಲಿ ಬಂದು ಬರಹದಲ್ಲಿ ಬಾರದವರು, ಬರಹದಲ್ಲಿ ಬಂದು ಬಾಯಲ್ಲಿ ಬಾರದವರು, ಎರಡೂ ಬಾರದವರು. ಎರಡನೆಯ ಗುಂಪಿನವರನ್ನು ‘ಜಾಣರು’ ಎಂದು ಬಿಟ್ಟುಬಿಡುವುದು ರೂಢಿ. ಅವರಿಗೆ 27ರ ಬದಲು 270 ಬಂದರೂ ಅನುಮಾನ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಅವರಿಗೂ ಮೊದಲ ಗುಂಪಿಗೆ ಬೇಕಾದಷ್ಟೇ ಕೆಲಸ ಬೇಕು.

ಭಿನ್ನರಾಶಿಗೆ ಬೋರ್ಡನ್ನು ಉದ್ದಕ್ಕೆ ಎರಡು ಭಾಗ ಮಾಡುತ್ತೇನೆ. ಎಡಗಡೆ ಮಕ್ಕಳ ಮಾತು: ‘36ರಲ್ಲಿ ಅರ್ಧ 18, ಅದರಲ್ಲಿ ಅರ್ಧ 9, ಎರಡೂ ಸೇರಿಸಿದ್ರೆ 27.’ ಬಲಗಡೆ ಅದೇ ಸಾಲಿಗೆ ಎದುರಾಗಿ ಚಿಹ್ನೆಗಳು: 36 × ½ = 18, 36 × ¼ = 9, 36 × (½ + ¼) = 27. ವಿಭಾಜಕ ನಿಯಮ ಎಂಬ ಹೆಸರು ಬರುವುದು ಮೂರನೆಯ ದಿನ. ಮಕ್ಕಳು ಆಗಲೇ ಬಳಸುತ್ತಿರುವುದಕ್ಕೆ ಒಂದು ಹೆಸರು ಸಿಕ್ಕ ಹಾಗಾಗುತ್ತದೆ. ಇಲ್ಲಿ ಕನ್ನಡದ ಸಹಾಯ ದೊಡ್ಡದು. ಕಾಲು, ಅರೆ, ಮುಕ್ಕಾಲು ಮನೆಮಾತಿನಲ್ಲೇ ಇವೆ. ‘ಮುಕ್ಕಾಲು’ ಎಂದರೆ ಮೂರು ಕಾಲು ಎಂದು ಬಿಡಿಸಿ ತೋರಿಸಿದರೆ ಅಂಶ, ಛೇದ ಎರಡೂ ಆ ಪದದಲ್ಲೇ ಕಾಣುತ್ತವೆ. ಅರೆಕಾಲು (⅛), ವೀಸ (1/16) ಅಜ್ಜಂದಿರಿಗೆ ಗೊತ್ತಿರುತ್ತವೆ, ಕೇಳಿಕೊಂಡು ಬನ್ನಿ ಎಂದು ಕಳಿಸಬಹುದು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಕೆಟ್ಟಿತು. ಸಂತೆಯ ಭಿನ್ನರಾಶಿಗಳೆಲ್ಲ ಅರ್ಧದ ಅರ್ಧ, ಅದರ ಅರ್ಧ. ಮೂರನೇ ಒಂದು, ಐದನೇ ಎರಡು ಅಲ್ಲಿಲ್ಲ. ಹಾಗಾಗಿ ನಾಲ್ಕನೆಯ ದಿನ ಬೇಕೆಂದೇ 36ರ 5/9, 84ರ 3/7 ಕೊಡುತ್ತೇನೆ. ಅರ್ಧ ಮಾಡುತ್ತಾ ಹೋದವರು ಸಿಕ್ಕಿಹಾಕಿಕೊಳ್ಳಬೇಕು. ಆಗ ‘ಒಂಬತ್ತು ಪಾಲು ಮಾಡಿ ಐದು ಪಾಲು ತಗೊ’ ಎಂಬ ಶಾಲೆಯ ದಾರಿ ಯಾಕೆ ಬೇಕು ಎಂದು ಅವರಿಗೇ ಗೊತ್ತಾಗುತ್ತದೆ. ‘ಜೀವನಕ್ಕೆ ಹತ್ತಿರದ ಗಣಿತ’ ಎಂದು ಸಂತೆಯಲ್ಲೇ ಕೂರಿಸುವುದೂ ಅನ್ಯಾಯವೇ.

ಪಹಣಿಯ ಪಾಠಕ್ಕೆ ಇದಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಪಹಣಿಯಲ್ಲಿ ವಿಸ್ತೀರ್ಣವನ್ನು 2.25.00 ಎಂದು ಬರೆದಿರುತ್ತಾರೆ. ದಶಮಾಂಶ ಕಲಿತ ಮಗು ಅದನ್ನು ಎರಡೂಕಾಲು ಎಕರೆ ಎಂದು ಓದುತ್ತದೆ. ನಿಜವಾಗಿ ಅದು 2 ಎಕರೆ 25 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ 2 + 25/40 = 2.625 ಎಕರೆ. ನಂತರ ಕೂಡಿಸುವ ಲೆಕ್ಕ: 1.30ಕ್ಕೆ 0.25 ಸೇರಿಸಿ. ತರಗತಿಯ ಅರ್ಧ 1.55 ಎನ್ನುತ್ತದೆ, ಹೊಲ ಇರುವ ಮನೆಯ ಒಬ್ಬರೋ ಇಬ್ಬರೋ ‘ಐವತ್ತೈದು ಗುಂಟೆ ಎಲ್ಲಾದ್ರೂ ಇರುತ್ತಾ ಸರ್?’ ಎನ್ನುತ್ತಾರೆ. 55ರಲ್ಲಿ 40 ತೆಗೆದರೆ ಒಂದು ಎಕರೆ ದಶಕ ಹೋಗಿ 15 ಗುಂಟೆ ಉಳಿಯುತ್ತದೆ, ಉತ್ತರ 2.15. ‘ದಶಕ’ ಎಂಬ ಪದ ಇಲ್ಲಿ ಹೊಂದುವುದಿಲ್ಲ ಎಂದು ಮಕ್ಕಳೇ ತಕರಾರು ತೆಗೆದರೆ ಪಾಠ ಗೆದ್ದಂತೆ. ಹತ್ತಕ್ಕೆ ಬದಲು ನಲವತ್ತಕ್ಕೆ ಮನೆ ಬದಲಾಗುತ್ತಿದೆ ಎಂದು ಅವರು ಕಂಡುಕೊಂಡಿದ್ದಾರೆ. ಗಂಟೆ–ನಿಮಿಷದ ಕೂಡುವಿಕೆ ಆಮೇಲೆ ತಾನಾಗಿ ಬರುತ್ತದೆ.

ಈ ಪಾಠದಲ್ಲಿ ಒಂದು ಎಚ್ಚರಿಕೆ. ಮನೆಯ ಪಹಣಿ ತನ್ನಿ ಎಂದು ಹೇಳಲೇಬಾರದು. ಜಮೀನಿಲ್ಲದವರ ಮಕ್ಕಳಿರುತ್ತಾರೆ, ಭಾಗದ ವ್ಯಾಜ್ಯ ಇರುವವರಿರುತ್ತಾರೆ. ಸರ್ವೆ ನಂಬರು, ಹೆಸರು ಎಲ್ಲ ಕಟ್ಟುಕಥೆಯಾದ ಪಹಣಿಯೊಂದನ್ನು ನಾನೇ ಚಾರ್ಟ್ ಮೇಲೆ ಬರೆದು ತಂದಿರುತ್ತೇನೆ. ಹಾಗೆಯೇ ‘ನೀನು ಕುರಿ ಕಾಯೋರ ಮನೆಯವನು, ಕುರಿ ಲೆಕ್ಕ ನೀನು ಹೇಳು’ ಎಂದು ಕಸುಬನ್ನು ಮಗುವಿಗೆ ಅಂಟಿಸಲೂಬಾರದು. ಸಂಸ್ಕೃತಿಯನ್ನು ತರಗತಿಗೆ ತರುತ್ತೇನೆಂದು ಹೊರಟು ಜಾತಿಯನ್ನು ತಂದ ಹಾಗಾಗುತ್ತದೆ. ಆ ಮಗು ಆಮೇಲೆ ವರ್ಷವಿಡೀ ಬಾಯಿ ಬಿಡುವುದಿಲ್ಲ. ಹೂವಿನ ಮೊಳ, ಮಾರು ಇರಲಿ, ಕುರಿ ಇರಲಿ, ಪ್ರಶ್ನೆ ಇಡೀ ತರಗತಿಗೆ.

ಮನೆಯ ಮಾತು ನೇರವಾಗಿ ದಾರಿ ತಪ್ಪಿಸುವ ಜಾಗವೂ ಉಂಟು. ಸಂಘದ ಸಾಲ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಪಠ್ಯದ ದರ ವರ್ಷಕ್ಕೆ. 10,000 ರೂಪಾಯಿಗೆ ಒಂದೂವರೆ ವರ್ಷಕ್ಕೆ ಎಂದಾಗ ಮಗು ಸೂತ್ರದಲ್ಲಿ ದರ 2 ಎಂದು ಹಾಕಿ 300 ರೂಪಾಯಿ ತರುತ್ತದೆ. ಮನೆಯಲ್ಲಿ ಅಮ್ಮ ತಿಂಗಳಿಗೆ 200ರಂತೆ 18 ತಿಂಗಳು ಕಟ್ಟಿದ್ದು 3,600. ದರ 24 ಎಂದು ಹಾಕಿದರೆ ಸೂತ್ರವೂ 3,600 ಕೊಡುತ್ತದೆ.

ಇದೇ ಲೆಕ್ಕವನ್ನು ಪೋಷಕರ ಸಭೆಗೆ ಒಯ್ಯುತ್ತೇನೆ. ಸಭೆಯಲ್ಲಿ ತಾಯಂದಿರು ಮಗುವಿನ ಎದುರೇ ‘ನಂಗೂ ಲೆಕ್ಕ ಬರ್ತಿರಲಿಲ್ಲ ಸರ್, ನಮ್ಮ ಮನೆತನಕ್ಕೇ ತಲೆಗೆ ಹತ್ತಲ್ಲ’ ಎನ್ನುತ್ತಾರೆ. ವಿನಯದಿಂದ ಆಡಿದ ಮಾತೇ, ಆದರೆ ಮಗುವಿಗೆ ಅದು ಕೈಚೆಲ್ಲಲು ಸಿಕ್ಕ ಅಪ್ಪಣೆ. ಉಪದೇಶ ಮಾಡದೆ, ಬಡ್ಡಿಯ ಪ್ರಶ್ನೆಯನ್ನು ತಾಯಂದಿರಿಗೇ ಕೇಳುತ್ತೇನೆ. ಉತ್ತರ ಬಾಯಲ್ಲೇ ಬರುತ್ತದೆ, ಮಕ್ಕಳು ನೋಡುತ್ತಿರುತ್ತಾರೆ. ಹೆಣ್ಣುಮಕ್ಕಳ ಮೇಲೆ ಇದು ಮಾಡುವ ಕೆಲಸವನ್ನು ನೂರು ಘೋಷಣೆಗಳು ಮಾಡಲಾರವು.

ಬಹುಮಾನದ ಬಗ್ಗೆ ನನಗೆ ನಂಬಿಕೆ ಕಡಿಮೆ. ಪೆನ್ನು ಕೊಟ್ಟರೆ ಪೆನ್ನು ಸಿಗುವ ಲೆಕ್ಕವನ್ನಷ್ಟೇ ಮಾಡುತ್ತಾರೆ. ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳುವುದನ್ನೂ ಬಿಟ್ಟಿದ್ದೇನೆ. ಬದಲಿಗೆ ಪ್ರತಿ ಮಗುವಿಗೂ ಎ4 ಹಾಳೆಯ ಅರ್ಧ, ದಪ್ಪ ಸ್ಕೆಚ್ ಪೆನ್ನು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ, ‘ಎತ್ತಿ’ ಎಂದಾಗ ಎಲ್ಲರೂ ಒಟ್ಟಿಗೆ ಹಾಳೆ ಎತ್ತಬೇಕು. ಕೈ ಎತ್ತುವ ಪದ್ಧತಿಯಲ್ಲಿ ಮುಂದಿನ ಬೆಂಚಿನ ಐವರು ಇಡೀ ತರಗತಿಯ ಪರವಾಗಿ ಉತ್ತರಿಸುತ್ತಾರೆ, ಉಳಿದವರು ತಪ್ಪಾದರೆ ನಗುತ್ತಾರೆಂದು ಸುಮ್ಮನಿರುತ್ತಾರೆ. ಹಾಳೆಯಲ್ಲಿ ಹನ್ನೆರಡು ಮಂದಿಯ ತಪ್ಪು ಒಂದೇ ಥರ ಇದ್ದರೆ ಅದು ಯಾರದೂ ಅಲ್ಲ. 108/144 ಅನ್ನು ಬೋರ್ಡಿನಲ್ಲಿ ಬರೆದು ‘ಇದನ್ನು ಬರೆದವರು ಏನು ಯೋಚನೆ ಮಾಡಿರಬಹುದು?’ ಎಂದು ಕೇಳಬಹುದು. ಹೊಗಳುವಾಗಲೂ ‘ಜಾಣ’ ಎನ್ನದೆ ‘ಅರ್ಧ ಮಾಡಿ ನೋಡಿದ್ದು ಒಳ್ಳೇದಾಯ್ತು’ ಎಂದು ಮಾಡಿದ ಕೆಲಸದ ಹೆಸರು ಹೇಳಬೇಕು. ಜಾಣ ಎನಿಸಿಕೊಂಡವನು ಕಷ್ಟದ ಲೆಕ್ಕ ಮುಟ್ಟಲು ಹಿಂಜರಿಯುತ್ತಾನೆ, ಬಿರುದು ಹೋದೀತೆಂದು.

‘ಇದು ಪರೀಕ್ಷೆಗೆ ಬರುತ್ತಾ ಸರ್?’ ಎಂಬ ಪ್ರಶ್ನೆಗೆ ಸಿಟ್ಟಾಗುವ ಮೇಷ್ಟ್ರುಗಳಿದ್ದಾರೆ. ಮನೆಯವರು ಕೂಲಿ ಬಿಡಿಸಿ ಶಾಲೆಗೆ ಕಳಿಸಿದ ಮಗುವಿಗೆ ಅದು ನ್ಯಾಯವಾದ ಪ್ರಶ್ನೆ. ಪ್ರತಿ ಪಾಠದ ಕೊನೆಯ ಹತ್ತು ನಿಮಿಷ ಎಸ್‌ಎಸ್‌ಎಲ್‌ಸಿ ಮಾದರಿಯ ಪ್ರಶ್ನೆಗೆ ಮೀಸಲು. ಸಂತೋಷವಾಗಿ ಕಲಿತರೆ ಅಂಕ ತಾನಾಗಿ ಬರುತ್ತದೆ ಎಂಬ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ಟಿಮ್ಸ್ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಜಪಾನ್, ದಕ್ಷಿಣ ಕೊರಿಯಾದ ಮಕ್ಕಳು ಮೇಲಿನ ಸ್ಥಾನಗಳಲ್ಲಿದ್ದಾರೆ, ಗಣಿತ ಇಷ್ಟ ಎನ್ನುವವರು ಮಾತ್ರ ಅಲ್ಲಿ ಬಹಳ ಕಡಿಮೆ.

ಮನೆಯ ಮಾತನ್ನು ವಿಜ್ಞಾನದ ಪಾಠಕ್ಕೆ ತರಲು ನಾವು ಮಾಡುವುದು ಮಳೆಮಾಪಕ. ಗೋಡೆ ನೇರ ಇರುವ ಎರಡು ಲೀಟರಿನ ಬಾಟಲಿ, ಮೇಲಿನ ಭಾಗ ಕತ್ತರಿಸಿ ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಇಡಬೇಕು. ತಳದ ಉಬ್ಬುತಗ್ಗು ಅಳತೆ ಕೆಡಿಸುತ್ತದೆ, ಅದಕ್ಕೆ ಕಲ್ಲು ತುಂಬಿ ನೇರ ಭಾಗದವರೆಗೆ ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು. ಬಾಟಲಿಯ ಒಳವ್ಯಾಸ 10 ಸೆಂ.ಮೀ. ಆದರೆ 78.5 ಮಿ.ಲೀ. ನೀರು ಹಾಕಿದಾಗ ಮಟ್ಟ 10 ಮಿ.ಮೀ. ಏರಬೇಕು, ಸಿರಿಂಜಿನಿಂದ ಹಾಕಿ ಪರೀಕ್ಷಿಸಬಹುದು. ಒಂದು ಗುಂಟೆ 33 ಅಡಿ ಚೌಕ, ಸುಮಾರು 101 ಚದರ ಮೀಟರ್. 1 ಮಿ.ಮೀ. ಮಳೆ ಎಂದರೆ ಗುಂಟೆಗೆ 101 ಲೀಟರ್ ನೀರು. ಹದ ಮಳೆ, ಉಕ್ಕೆ ಹೊಡೆಯುವ ಮಳೆ ಎಂದು ಮನೆಯಲ್ಲಿ ಹೇಳುವುದನ್ನು ಮಕ್ಕಳು ಮಿ.ಮೀ. ಪಕ್ಕ ಬರೆಯುತ್ತಾರೆ. ಆರಿದ್ರಾದಿಂದ ಹಸ್ತದವರೆಗೆ, ಮಳೆ ನಕ್ಷತ್ರವೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನದಂತೆ, ಕೋಷ್ಟಕ ಬೆಳೆಯುತ್ತದೆ. ದಿನಕ್ಕೆ ಇಬ್ಬರ ಪಾಳಿ, ಪ್ರಾರ್ಥನೆಗೆ ಮೊದಲು ಓದಬೇಕು. ಸೋಮವಾರ ‘ಎರಡು ದಿನದ್ದು’ ಎಂದು ಬರೆಯದಿದ್ದರೆ ಕೋಷ್ಟಕ ಹಾಳು.

ಸಮಸ್ಯೆ ಶುರುವಾಗುವುದು ಪಂಚಾಯಿತಿಯ ಸರ್ಕಾರಿ ಮಳೆಮಾಪಕದ ಅಂಕಿ ಸಿಕ್ಕ ದಿನ. ನಮ್ಮದು 18, ಅಲ್ಲಿನದು 23. ಮಕ್ಕಳು ಸದ್ದಿಲ್ಲದೆ 18 ಅಳಿಸಿ 23 ಬರೆಯುತ್ತಾರೆ. ದೊಡ್ಡವರು ಹೇಳಿದ್ದೇ ಸರಿ ಎಂದು ಬೆಳೆದ ಕೈಗಳು ಅವು, ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲೂ ಇದನ್ನೇ ಮಾಡುತ್ತವೆ. ಅದಕ್ಕೆ ಮೊದಲ ದಿನದಿಂದಲೇ ಪೆನ್ಸಿಲ್ ಇಲ್ಲ, ಪೆನ್ನಿನಲ್ಲೇ ಬರೆಯಬೇಕು. ಎರಡನೆಯ ಬಾಟಲಿಯೊಂದನ್ನು ಹತ್ತು ಹೆಜ್ಜೆ ದೂರದಲ್ಲಿ ಇಡಿಸುತ್ತೇನೆ. ಒಂದೇ ಅಂಗಳದ ಎರಡು ಬಾಟಲಿಗಳೇ ಒಂದೆರಡು ಮಿ.ಮೀ. ಬೇರೆ ತೋರಿಸಿದಾಗ, ಮರದ ಕೊಂಬೆ ಅಡ್ಡ ಇದೆಯಾ, ಆಲಿಕೆ ಓರೆಯಾಗಿದೆಯಾ ಎಂದು ಹುಡುಕಲು ಹೊರಡುತ್ತಾರೆ. ಸರ್ಕಾರಿ ಮಾಪಕ ಎಷ್ಟು ದೂರದಲ್ಲಿದೆ ಎಂದು ಆಗ ಯಾರಾದರೂ ಕೇಳುತ್ತಾರೆ.