ಒಬ್ಬ ಹೊರಗೆ ಕೂತಾಗ ಗೋಲ್ ಹೊಡೆಯೋದು ಹೇಗೆ?

ಪವರ್‌ಪ್ಲೇ ಅಂದ ತಕ್ಷಣ ನಮ್ಮವರಿಗೆ ಕ್ರಿಕೆಟ್‌ನ ಮೊದಲ ಓವರ್‌ಗಳು ನೆನಪಾಗುತ್ತೆ. ಐಸ್ ಹಾಕಿಯಲ್ಲೂ ಅದೇ ಹೆಸರು ಆದ್ರೆ ವಿಷಯ ಬೇರೆ, ಎದುರಾಳಿ ಟೀಮಿನ ಒಬ್ಬ ಯಾರನ್ನೋ ಸ್ಟಿಕ್ ಅಡ್ಡ ಹಾಕಿ ಬೀಳಿಸಿದ್ದಕ್ಕೋ ಹಿಡಿದು ಎಳೆದಿದ್ದಕ್ಕೋ ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಿರ್ತಾನೆ, ಗೋಲ್‌ಕೀಪರ್‌ನ ಬಿಟ್ರೆ ಅವರು ನಾಲ್ಕು ನಾವು ಐದು. ಗೋಲ್ ಬಿತ್ತಂದ್ರೆ ಅವನು ಆಗಲೇ ಎದ್ದು ಬರಬಹುದು. ಮೊದಲು ಹೀಗಿರಲಿಲ್ಲ, ಎಷ್ಟು ಗೋಲ್ ಬಿದ್ರೂ ಎರಡು ನಿಮಿಷ ಪೂರ್ತಿ ಕೂತಿರಬೇಕಿತ್ತು. 1955ರ ನವೆಂಬರ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್‌ನ ಜಾನ್ ಬೆಲಿವೊ ಬಾಸ್ಟನ್ ಮೇಲೆ ಒಂದೇ ಪವರ್‌ಪ್ಲೇಯಲ್ಲಿ 44 ಸೆಕೆಂಡಿಗೆ ಮೂರು ಗೋಲ್ ಬಾರಿಸಿಬಿಟ್ಟ, ಮುಂದಿನ ಸೀಸನ್‌ಗೆ ರೂಲೇ ಬದಲಾಯ್ತು!

ಮೊದಲ ಕೆಲಸ ಎದುರಾಳಿಯ ಗೋಲ್ ಇರೋ ಭಾಗದೊಳಗೆ ನುಗ್ಗೋದು, ಆ ಭಾಗದ ಗಡಿಯೇ ನೀಲಿ ಗೆರೆ. ಪಕ್ (ಆಡೋ ರಬ್ಬರ್ ಬಿಲ್ಲೆ) ಆ ಗೆರೆ ದಾಟೋ ಮುಂಚೆ ನಮ್ಮವರು ಯಾರೂ ದಾಟಂಗಿಲ್ಲ, ದಾಟಿದ್ರೆ ಆಫ್‌ಸೈಡ್. ಎದುರಾಳಿಗಳು ಆ ಗೆರೆ ಹತ್ರಾನೇ ಕಾಯ್ತಿರ್ತಾರೆ. ಅದಕ್ಕೆ ಈಗ ಎಲ್ಲರೂ ಡ್ರಾಪ್ ಪಾಸ್ ಮಾಡ್ತಾರೆ, ಒಬ್ಬ ಪಕ್ ಹಿಡ್ಕೊಂಡು ನೇರ ನುಗ್ಗೋ ಹಾಗೆ ಬಂದು ಹಿಂದಕ್ಕೆ ಬಿಟ್ಟುಬಿಡ್ತಾನೆ, ಅವನ ವೇಗಕ್ಕೆ ಹೆದರಿ ಡಿಫೆಂಡರ್‌ಗಳು ಆಗಲೇ ಹಿಂದೆ ಸರಿದಿರ್ತಾರೆ, ಹಿಂದಿಂದ ಓಡ್ಕೊಂಡು ಬಂದವನಿಗೆ ದಾರಿ ಖಾಲಿ. ಸ್ಟೇಡಿಯಂನಲ್ಲಿ ಜನಕ್ಕೆ ಈ ಹಿಂದಕ್ಕೆ ಕೊಡೋದು ನೋಡಿದ್ರೆ ಮೈ ಉರಿಯುತ್ತೆ, ಆದ್ರೂ ಕೋಚ್‌ಗಳು ಬಿಡಲ್ಲ.

ಒಳಗೆ ಹೋದ ಮೇಲೆ ನಿಲ್ಲೋದು 1-3-1 ಲೆಕ್ಕದಲ್ಲಿ. ನೀಲಿ ಗೆರೆ ಹತ್ರ ಒಬ್ಬ, ಅವನೇ ಆಟ ನಡೆಸೋನು. ಎಡಕ್ಕೊಬ್ಬ ಬಲಕ್ಕೊಬ್ಬ, ನಟ್ಟನಡುವೆ ಬಂಪರ್ ಅಂತ ಒಬ್ಬ, ಕೊನೆಯವನು ಗೋಲ್‌ಕೀಪರ್ ಮೂಗಿನ ಮುಂದೆ. ಕೊನೆಯವನದು ಕಷ್ಟದ ಕೆಲಸ, ಕೀಪರ್‌ಗೆ ಪಕ್ ಕಾಣದ ಹಾಗೆ ಅಡ್ಡ ನಿಲ್ಲಬೇಕು, ಬೆನ್ನಿಗೆ ಏಟು ತಿನ್ನಬೇಕು, ವಾಪಸ್ ಚಿಮ್ಮಿದ ಪಕ್‌ನ ಒಳಗೆ ತಳ್ಳಬೇಕು.

ಈಗ ಅಸಲಿ ವಿಷಯ. ಸುಮ್ನೆ ಹೊರಗಿಂದ ಹೊರಗೆ ಪಾಸ್ ಮಾಡ್ತಾ ಕೂತ್ರೆ ಏನೂ ಆಗಲ್ಲ, ಎದುರಾಳಿ ನಾಲ್ವರು ಚೌಕ ಕಟ್ಕೊಂಡು ಅಲ್ಲೇ ಆರಾಮಾಗಿ ಇರ್ತಾರೆ. ಆ ಚೌಕ ಒಡೆಯಬೇಕು. ನಡುವಿನ ಬಂಪರ್‌ಗೆ ಕೊಡೋ ಹಾಗೆ ಮಾಡಿದ್ರೆ ಇಬ್ಬರು ಅವನ ಕಡೆ ವಾಲ್ತಾರೆ, ಆ ಕ್ಷಣಕ್ಕೆ ಪಕ್ ಅಡ್ಡಡ್ಡ ಹೋಗಬೇಕು, ಈ ಬದಿಯಿಂದ ಆ ಬದಿಗೆ. ಕೀಪರ್ ಆ ಕಡೆ ಜಾರಿ ಸೇರೋ ಹೊತ್ತಿಗೆ ಶಾಟ್ ಬಿದ್ದಾಗಿರಬೇಕು.

ರಷ್ಯಾದ ಆಟಗಾರ ಓವೆಚ್ಕಿನ್ ಬದುಕಿದ್ದೇ ಇದರ ಮೇಲೆ. ಅವನು ಬಲಗೈ ಶೂಟರ್, ನಿಲ್ಲೋದು ಎಡಗಡೆ ಸರ್ಕಲ್‌ನಲ್ಲಿ, ಅಂದ್ರೆ ಐಸ್ ಮೇಲೆ ಬರೆದಿರೋ ವೃತ್ತದಲ್ಲಿ. ಹಾಗೆ ನಿಂತ್ರೆ ಸ್ಟಿಕ್ ನಡುವಿನ ಕಡೆಗೇ ಇರುತ್ತೆ, ಬಂದ ಪಾಸ್‌ನ ನಿಲ್ಲಿಸದೆ ಹಾಗೇ ಬಾರಿಸಬಹುದು. ಅದನ್ನ ಒನ್‌ಟೈಮರ್ ಅಂತಾರೆ. ಎಡಗೈಯವನು ಅಲ್ಲಿ ನಿಂತ್ರೆ ಪಕ್ ಮೈ ದಾಟಿ ಆಚೆ ಬರೋವರೆಗೂ ಕಾಯಬೇಕು, ಅಷ್ಟರಲ್ಲಿ ಕೀಪರ್ ಬಂದಿರ್ತಾನೆ. ಓವೆಚ್ಕಿನ್ ಅಲ್ಲೇ ನಿಲ್ತಾನೆ ಅಂತ ಇಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತು, ಆದ್ರೂ 2025ರ ಏಪ್ರಿಲ್‌ನಲ್ಲಿ ಗ್ರೆಟ್ಸ್ಕಿಯ ಅತಿ ಹೆಚ್ಚು ಗೋಲ್‌ಗಳ ದಾಖಲೆ ಮುರಿದ 895ನೇ ಗೋಲು ಬಂದಿದ್ದು ಪವರ್‌ಪ್ಲೇಯಲ್ಲೇ, ಅದೇ ಜಾಗದಿಂದಲೇ. ಎದುರಾಳಿಯೊಬ್ಬ ಅವನಿಗೇ ಅಂಟಿಕೊಂಡು ನಿಂತ್ರೆ ಉಳಿದ ಮೂವರು ನಮ್ಮ ನಾಲ್ವರನ್ನ ನೋಡ್ಕೋಬೇಕಲ್ಲ, ಅದೇ ಅವರ ತಲೆನೋವು.

ಗೋಲ್ ಆಗದೇ ಹೋದ್ರೆ ಬೇಜಾರು ಬೇಡ. 2022-23ರಲ್ಲಿ ಮೆಕ್‌ಡೇವಿಡ್, ಡ್ರೈಸೈಟಲ್ ಇದ್ದ ಎಡ್ಮಂಟನ್ ಆಯ್ಲರ್ಸ್ 32.4 ಪರ್ಸೆಂಟ್ ಪವರ್‌ಪ್ಲೇಗಳಲ್ಲಿ ಗೋಲ್ ಮಾಡಿ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಹಾಕಿ ಲೀಗ್) ದಾಖಲೆ ಬರೆದ್ರು, ಅಂದ್ರೆ ದಾಖಲೆ ಮಾಡಿದವರೇ ಮೂರರಲ್ಲಿ ಎರಡು ಸಲ ಬರಿಗೈ. ನಾವು ಪಕ್ ಕಳ್ಕೊಂಡ್ರೆ ಎದುರಾಳಿಗಳು ಅದನ್ನ ಆ ತುದಿಗೆ ಎಸೆದುಬಿಡ್ತಾರೆ, ಒಬ್ಬ ಕಮ್ಮಿ ಇರೋವಾಗ ಅವರಿಗೆ ಐಸಿಂಗ್ (ಹಾಗೆ ದೂರ ಎಸೆದಿದ್ದಕ್ಕೆ ಕೊಡೋ ತಪ್ಪು) ಇಲ್ಲ, ನಾವು ಹೋಗಿ ತಗೊಂಡು ಮತ್ತೆ ಒಳಗೆ ಬರೋಷ್ಟರಲ್ಲಿ ಅಮೂಲ್ಯ ಸೆಕೆಂಡುಗಳು ಹೋಗಿರ್ತವೆ.

ಹಾಂ, ಕೊನೇ ಹತ್ತು ಸೆಕೆಂಡು ಒಂದು ಕಣ್ಣು ಗಡಿಯಾರದ ಮೇಲಿರಲಿ. ಬಾಕ್ಸ್‌ನಿಂದ ಹೊರಗೆ ಬರೋನು ನಮ್ಮ ಬೆನ್ನ ಹಿಂದೆ ಇರ್ತಾನೆ, ಅವನಿಗೊಂದು ಉದ್ದ ಪಾಸ್ ಸಿಕ್ಕಿದ್ರೆ ಎದುರಿಗೆ ನಮ್ಮ ಕೀಪರ್ ಒಬ್ಬನೇ.